ಹಬಸಿ ವೀರ ಮಲಿಕ ಅಂಬರ

ವೇರೂಳಿನ ಗುಹೆಗಳನ್ನು ನೋಡಲು ಮುಂಬಯಿಯಿಂದ ಹೋಗುವ ಕನ್ನಡಿಗರಿಗೆ ಆ ಸ್ಥಳದ ಮೇಲೆ ವಿಶೇಷವಾದ ಅಭಿಮಾನವುಂಟು. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನು ಬೆಟ್ಟದ ಬಂಡೆಯನ್ನೇ ಕಡೆಯಿಸಿ ಮಾಡಿಸಿದ ಕೈಲಾಸ ದೇವಾಲಯದ ಮುಂದೆ ನಿಂತು, ಇದು ನಮ್ಮ ದೊರೆಗಳ ಕೆಲಸವೆಂದು ಎದೆಯುಬ್ಬಿಸದ ವಿದ್ಯಾರ್ಥಿಯನ್ನು ನಾವು ಇದುವರೆಗೆ ಕಂಡಿಲ್ಲ. ನಮ್ಮ ಶಾಲೆಯ ಪ್ರವಾಸದಲ್ಲಿಯೂ ಹಾಗೆಯೇ ಆಯಿತು. ಅಲ್ಲಿಂದ ಎರಡು ಮೂರು ಮೈಲಿ ದೂರದ ಖುಲ್ದಾಬಾದಿಗೆ ಹೋಗಿ ಔರಂಗಜೇಬನ ಗೋರಿಯನ್ನು ನೋಡಿದೆವು. ಹಿಂದಿರುಗುವ ದಾರಿಯಲ್ಲಿ, ಯಾತ್ರಿಕರು ಅಷ್ಟಾಗಿ ಸುಳಿಯದ ಒಂದು ಗುಮ್ಮಟದ ಬಳಿ ವಾಹನವನ್ನು ನಿಲ್ಲಿಸಿದೆವು. ಅದು ಮಲಿಕ ಅಂಬರನ ಸಮಾಧಿ. ಆಫ್ರಿಕದಲ್ಲಿ ಹುಟ್ಟಿ ಗುಲಾಮನಾಗಿ ಈ ನಾಡಿಗೆ ಬಂದು, ಮೊಗಲ ಸೈನ್ಯವನ್ನು ಕಾಲು ಶತಮಾನ ತಡೆದು ನಿಲ್ಲಿಸಿದವನ ಸಮಾಧಿ ಇದೆಂದು ಎರಡು ಮಾತಿನಲ್ಲಿ ಹೇಳಿ ಮುಗಿಸಿದೆವು.

ಆಗ ಎಂಟನೆಯ ತರಗತಿಯ ಹುಡುಗನೊಬ್ಬನು ಒಂದು ಪ್ರಶ್ನೆ ಕೇಳಿದನು. ಅವನ ಅಜ್ಜಿಯ ಮನೆ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದ ಕಡೆ. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಅವನು ಸಿದ್ದಿ ಜನರನ್ನು ಕಂಡಿದ್ದನು. ಅವರ ಮಕ್ಕಳೊಂದಿಗೆ ಆಡಿಯೂ ಇದ್ದನು. ಹಾಗಾದರೆ ಈ ಮಲಿಕ ಅಂಬರನು ಅವರ ಮೂಲಪುರುಷನೇ ಎಂದು ಅವನು ಕೇಳಿದಾಗ ಕೆಲವು ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಅಂದು ಕೊಡಲಾರದೆ ಹೋದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಕೊಡುವುದು ನಮ್ಮ ಉದ್ದೇಶ. ಅದಕ್ಕೆ ಮೊದಲು ಆ ಪುರುಷನ ಚರಿತ್ರೆಯನ್ನೇ ಹೇಳಬೇಕು.

ಆಫ್ರಿಕದ ಪೂರ್ವಭಾಗದಲ್ಲಿರುವ ಇಥಿಯೋಪಿಯ ದೇಶಕ್ಕೆ ಹಿಂದೆ ಅಬಿಸೀನಿಯವೆಂಬ ಹೆಸರಿತ್ತು. ಅರಬರು ಅದನ್ನು ಹಬಶ್ ಎಂದು ಕರೆಯುತ್ತಿದ್ದರು. ಆ ನಾಡಿನಿಂದ ಬಂದವರು ಹಬಶಿಗಳು. ನಮ್ಮ ಬಾಯಲ್ಲಿ ಹಬಸಿಗಳು. ಸಿದ್ದಿ ಎಂಬ ಮಾತು ಒಡೆಯ ಎಂಬ ಅರ್ಥದ ಒಂದು ಅರಬ್ಬೀ ಗೌರವಪದದಿಂದ ಬಂದುದೆಂದು ಪಂಡಿತರು ಹೇಳುತ್ತಾರೆ. ಗುಲಾಮರಾಗಿ ಬಂದ ಜನಕ್ಕೆ ಒಡೆಯ ಎಂಬ ಅರ್ಥದ ಹೆಸರು ಅಂಟಿಕೊಂಡದ್ದು ವಿಚಿತ್ರವೇ ಸರಿ. ಆದರೆ ದಖ್ಖನಿನ ಇತಿಹಾಸವನ್ನು ಬಲ್ಲವರಿಗೆ ಅದು ಅಷ್ಟು ವಿಚಿತ್ರವಾಗಿ ತೋರದು.

ಅಂಬರನು ಸುಮಾರು ೧೫೪೮ರಲ್ಲಿ ಇಥಿಯೋಪಿಯದಲ್ಲಿ ಜನಿಸಿದನು. ತಾಯಿತಂದೆಗಳು ಇಟ್ಟ ಹೆಸರು ಚಾಪು. ಇನ್ನೂ ಬಾಲಕನಾಗಿದ್ದಾಗಲೇ ಅವನು ಗುಲಾಮರ ವ್ಯಾಪಾರಿಗಳ ಕೈಗೆ ಬಿದ್ದನು. ಆ ಕಾಲದಲ್ಲಿ ಕೆಂಪು ಸಮುದ್ರದ ಎರಡೂ ದಡಗಳಲ್ಲಿ ಮನುಷ್ಯರ ಸಂತೆಗಳು ನಡೆಯುತ್ತಿದ್ದುವು. ಇಥಿಯೋಪಿಯದ ಶ್ರೀಮಂತರಿಗೆ ನಮ್ಮ ದೇಶದ ಹತ್ತಿಬಟ್ಟೆಯೆಂದರೆ ಬಹಳ ಆಸೆ. ಬಟ್ಟೆಗೆ ಬದಲಾಗಿ ಅಲ್ಲಿಂದ ಚಿನ್ನ ಬರುತ್ತಿತ್ತು, ಆನೆಯ ದಂತ ಬರುತ್ತಿತ್ತು, ಮನುಷ್ಯರೂ ಬರುತ್ತಿದ್ದರು. ನಮ್ಮ ನೇಕಾರರು ನೆಯ್ದ ಬಟ್ಟೆಯು ಯಾವ ಯಾವ ಮನೆಯ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿತೆಂಬುದು ನೇಕಾರರಿಗೆ ತಿಳಿಯುವಂತಿರಲಿಲ್ಲ. ಚಾಪುವನ್ನು ಯೆಮನ್ ದೇಶದ ಮೋಖಾ ಬಂದರಿನಲ್ಲಿ ಮಾರಿದರು. ಆಗ ಅವನ ಬೆಲೆ ಇಪ್ಪತ್ತು ಡುಕಾಟ್ ನಾಣ್ಯಗಳೆಂದು ಮುಂದೆ ಒಬ್ಬ ಡಚ್ಚ ವರ್ತಕನು ಬರೆದಿಟ್ಟಿದ್ದಾನೆ.

ಕೈಯಿಂದ ಕೈಗೆ ದಾಟುತ್ತ ಬಾಲಕನು ಬಾಗದಾದು ನಗರವನ್ನು ಸೇರಿದನು. ಅಲ್ಲಿ ಅವನನ್ನು ಕೊಂಡ ಮೀರ್ ಕಾಸಿಮನೆಂಬ ವರ್ತಕನು ಹುಡುಗನ ಬುದ್ಧಿಯ ಚುರುಕನ್ನು ಕಂಡು ಅವನಿಗೆ ಓದುಬರಹವನ್ನು ಕಲಿಸಿದನು, ಇಸ್ಲಾಮ್ ಮತಕ್ಕೆ ಸೇರಿಸಿದನು, ಅಂಬರನೆಂಬ ಹೊಸ ಹೆಸರನ್ನಿಟ್ಟನು. ಗುಲಾಮರಿಗೆ ಬೆಲೆಯುಳ್ಳ ವಸ್ತುಗಳ ಹೆಸರಿಡುವುದು ಆಗಿನ ರೂಢಿ. ಒಬ್ಬನು ಕಾಫೂರ, ಅಂದರೆ ಕರ್ಪೂರ. ಇನ್ನೊಬ್ಬನು ಯಾಕೂತ, ಅಂದರೆ ರತ್ನ. ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟಿ ಸಮುದ್ರದಲ್ಲಿ ತೇಲಿ ಬರುವ ಸುಗಂಧದ್ರವ್ಯಕ್ಕೆ ಅರಬ್ಬಿಯಲ್ಲಿ ಅಂಬರ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅಂಬರವೆಂದರೆ ಆಕಾಶ. ಬಟ್ಟೆ ಎಂಬ ಅರ್ಥವೂ ಇದೆಯಷ್ಟೆ. ಬಟ್ಟೆಯ ವ್ಯಾಪಾರದ ದಾರಿಯಲ್ಲಿ ಬಂದ ಹುಡುಗನಿಗೆ ಈ ಹೆಸರು ಎರಡು ಭಾಷೆಗಳಲ್ಲಿಯೂ ಹೊಂದಿಕೊಂಡಿತು.

೧೫೭೦ರ ದಶಕದ ಆದಿಯಲ್ಲಿ ಅಂಬರನನ್ನು ದಖ್ಖನಿಗೆ ತಂದು ಅಹಮದನಗರದ ನಿಜಾಮಶಾಹಿ ರಾಜ್ಯದ ಪೇಶವೆಯಾದ ಚಂಗೀಜಖಾನನಿಗೆ ಮಾರಿದರು. ಚಂಗೀಜಖಾನನು ಒಂದು ರಾಜ್ಯದ ಪ್ರಧಾನಮಂತ್ರಿ. ಸಾವಿರದಷ್ಟು ಹಬಸಿ ಗುಲಾಮರ ಒಡೆಯ. ಮತ್ತು ಅವನೂ ಒಂದು ಕಾಲದಲ್ಲಿ ಮಾರಾಟವಾಗಿ ಬಂದ ಹಬಸಿ ಗುಲಾಮನೇ! ಅಂಬರನು ತನ್ನ ಧಣಿಯ ಮುಖವನ್ನು ನೋಡಿದಾಗ ಅವನ ಮನಸ್ಸಿನಲ್ಲಿ ಏನು ಮೂಡಿರಬಹುದೆಂಬುದನ್ನು ವಿದ್ಯಾರ್ಥಿಗಳು ತಾವೇ ಊಹಿಸಿಕೊಳ್ಳಲಿ.

ಇಲ್ಲಿ ನಾವು ಸ್ವಲ್ಪ ನಿಂತು ದಖ್ಖನಿನ ಅಂದಿನ ಸ್ಥಿತಿಯನ್ನು ವಿವರಿಸುವುದು ಅವಶ್ಯ. ಗುಲಾಮನೆಂದೊಡನೆ ಹೊಲದಲ್ಲಿ ಸಂಕೋಲೆ ತೊಟ್ಟು ದುಡಿಯುವ ಮನುಷ್ಯನ ಚಿತ್ರವು ನಮ್ಮ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ತೋಟಗಳಲ್ಲಿ ಅಂಥ ಗುಲಾಮಗಿರಿ ತಲೆತಲಾಂತರವಾಗಿ ನಡೆಯಿತು. ದಖ್ಖನಿನ ಸುಲ್ತಾನರು ಹಬಸಿಗಳನ್ನು ಕೊಳ್ಳುತ್ತಿದ್ದುದು ಮುಖ್ಯವಾಗಿ ಯುದ್ಧಕ್ಕಾಗಿ. ಧಣಿಯು ಸತ್ತರೆ ಅಥವಾ ಬಿಡುಗಡೆ ಮಾಡಿದರೆ ಆ ಗುಲಾಮನು ಸ್ವತಂತ್ರ ಸೈನಿಕನಾಗುತ್ತಿದ್ದನು. ಯೋಗ್ಯತೆಯಿದ್ದರೆ ಸರದಾರನೂ ಆಗುತ್ತಿದ್ದನು. ಹೀಗೆ ಹೇಳಿದುದರಿಂದ ಮನುಷ್ಯರ ಮಾರಾಟವನ್ನು ನಾವು ಸಮರ್ಥಿಸಿದಂತಾಗಬಾರದು. ತಾಯಿಯ ಮಡಿಲಿನಿಂದ ಕಿತ್ತು ತಂದ ಮೇಲೆ ಸರದಾರಿಕೆ ಕೊಟ್ಟರೇನು, ಬಿಟ್ಟರೇನು?

ಬಹಮನಿ ಸುಲ್ತಾನರ ಕಾಲದಿಂದಲೂ ದಖ್ಖನಿನ ದರಬಾರುಗಳಲ್ಲಿ ಎರಡು ಪಕ್ಷಗಳಿದ್ದುವು. ಇರಾನ್, ಅರಬಸ್ತಾನ, ಮಧ್ಯ ಏಷ್ಯಗಳಿಂದ ಬಂದವರನ್ನು ಪರದೇಶಿಗಳೆಂದು ಕರೆಯುತ್ತಿದ್ದರು. ಈ ನಾಡಿನಲ್ಲಿ ಬೇರೂರಿದ ಮುಸಲ್ಮಾನರು ದಖನಿಗಳು. ಹಬಸಿಗಳು ಯಾವ ಪಕ್ಷದವರು? ಸಮುದ್ರ ದಾಟಿ ಬಂದವರಾದುದರಿಂದ ಪರದೇಶಿಗಳ ಪಕ್ಷವೆಂದು ನಾವು ಎಣಿಸಬಹುದು. ಆದರೆ ಅವರು ದಖನಿಗಳ ಪಕ್ಷದಲ್ಲಿ ನಿಂತರು. ದಖನಿಗಳೂ ಅವರನ್ನು ತಮ್ಮವರೆಂದೇ ಎಣಿಸಿದರು. ಇರಾನಿನಿಂದ ಬಂದವನಿಗೆ ಊರಿನಲ್ಲಿ ಮನೆಯುಂಟು, ಬಂಧುಗಳುಂಟು, ಪತ್ರವ್ಯವಹಾರವುಂಟು. ಹಣ ಕೂಡಿಸಿಕೊಂಡು ಮರಳಿ ಹೋಗಲು ಹಡಗೂ ಉಂಟು. ಹಬಸಿಗೆ ಇವು ಒಂದೂ ಇಲ್ಲ. ಹುಟ್ಟೂರಿನ ದಾರಿಯೇ ಅವನ ಪಾಲಿಗೆ ಅಳಿಸಿಹೋಗಿತ್ತು. ಎಲ್ಲಿ ಬಂದು ಇಳಿದನೋ ಅದೇ ಅವನ ನಾಡು. ಬೀದರಿನಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸೆಯನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ಇರಾನಿನಿಂದ ಬಂದಿದ್ದ ಆ ಮಹಾಮಂತ್ರಿಯು ೧೪೮೧ರಲ್ಲಿ ಈ ಪಕ್ಷಗಳ ಒಳಸಂಚಿಗೆ ಬಲಿಯಾದನು. ಅದೇ ಬೀದರಿನಲ್ಲಿ ಹಬಸಿ ಸರದಾರರ ಗೋರಿಗಳಿರುವ ಗುಡ್ಡಕ್ಕೆ ಇಂದಿಗೂ ಹಬಸಿಕೋಟೆ ಎಂಬ ಹೆಸರಿದೆ.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಬೇಕು.

ಅಂಬರನು ಬಂದ ಕೆಲವೇ ವರ್ಷಗಳಲ್ಲಿ, ೧೫೭೫ರ ಸುಮಾರಿಗೆ, ಚಂಗೀಜಖಾನನು ತೀರಿಕೊಂಡನು. ಅವನ ವಿಧವೆಯು ಅಂಬರನನ್ನು ಬಿಡುಗಡೆ ಮಾಡಿದಳು. ಅವನು ಮದುವೆಯಾದನು, ಹೆಂಡತಿಯ ಹೆಸರು ಕರೀಮಾ. ಹೊಟ್ಟೆಪಾಡಿಗಾಗಿ ಕತ್ತಿಯನ್ನು ಹಿಡಿದು ಧಣಿಗಳನ್ನು ಹುಡುಕುತ್ತ ಹೊರಟನು. ಇಪ್ಪತ್ತು ವರ್ಷಗಳ ಕಾಲ ಅವನ ಹೆಸರನ್ನು ಲೋಕವು ಕೇಳಲಿಲ್ಲ. ಆ ಅವಧಿಯ ಬಹುಭಾಗವನ್ನು ಅವನು ನಮ್ಮ ವಿಜಾಪುರದಲ್ಲಿ ಕಳೆದನು. ಆಗ ಅಲ್ಲಿ ಇಮ್ಮಡಿ ಇಬ್ರಾಹಿಮ ಆದಿಲಶಾಹನ ಆಳ್ವಿಕೆ. ದೊರೆ ಚಿಕ್ಕವನಾಗಿದ್ದಾಗ ದಿಲಾವರಖಾನನೆಂಬ ಹಬಸಿಯೇ ರಾಜ್ಯಭಾರವನ್ನು ನಡೆಸುತ್ತಿದ್ದನು. ಅಂಬರನಿಗೆ ಒಂದು ಸಣ್ಣ ದಳದ ನಾಯಕತ್ವವೂ ಮಲಿಕ್ ಎಂಬ ಬಿರುದೂ ದೊರೆತದ್ದು ವಿಜಾಪುರದಲ್ಲಿಯೇ. ಆ ನಗರವು ಕೊಟ್ಟ ಬಿರುದನ್ನು ಧರಿಸಿದವನೇ ಮುಂದೆ ಆ ನಗರದ ಬಾಗಿಲಿಗೆ ಮುತ್ತಿಗೆ ಹಾಕಿದನು. ಅದನ್ನು ಮುಂದೆ ಹೇಳುವೆವು.

ದಳಕ್ಕೆ ಸರಿಯಾದ ಸಹಾಯ ದೊರೆಯದುದರಿಂದ ಬೇಸತ್ತು ೧೫೯೫ರಲ್ಲಿ ಅವನು ಅಹಮದನಗರಕ್ಕೆ ಹಿಂದಿರುಗಿದನು. ಆಗ ಅವನ ಜೊತೆಯಲ್ಲಿದ್ದವರು ನೂರೈವತ್ತು ಮಂದಿ ಕುದುರೆ ಸವಾರರು. ಅವನ ವಯಸ್ಸು ನಲವತ್ತೇಳರ ಆಸುಪಾಸು. ಅನೇಕರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅಂಬರನ ಜೀವನವು ನಿಜವಾಗಿ ಪ್ರಾರಂಭವಾಯಿತು.

ಆಗ ಅಹಮದನಗರದ ಮೇಲೆ ಮೊಗಲ ಸಾಮ್ರಾಟ ಅಕಬರನ ಸೈನ್ಯವು ಬಂದಿತ್ತು. ಚಾಂದಬೀಬಿಯು ಕೋಟೆಯನ್ನು ಕಾದ ಪರಿಯನ್ನು ಪಾಠಪುಸ್ತಕದಲ್ಲಿ ಓದಿರುವಿರಿ. ವಿಜಾಪುರದ ಸೊಸೆಯಾಗಿದ್ದ ಆ ವೀರರಾಣಿಯು ೧೬೦೦ರಲ್ಲಿ ತನ್ನವರ ಕೈಯಿಂದಲೇ ಹತಳಾದಳು. ಕೋಟೆಯು ಮೊಗಲರ ವಶವಾಯಿತು. ಬಾಲಕನಾದ ದೊರೆಯನ್ನು ಅವರು ಸೆರೆಹಿಡಿದರು. ರಾಜಧಾನಿ ಹೋಯಿತು, ರಾಜನು ಹೋದನು, ರಾಜ್ಯವು ಮುಗಿಯಿತೆಂದು ಎಲ್ಲರೂ ಭಾವಿಸಿದರು. ಅಂಬರನು ಹಾಗೆ ಭಾವಿಸಲಿಲ್ಲ. ನಿಜಾಮಶಾಹಿ ವಂಶದ ಒಬ್ಬ ತರುಣನನ್ನು ಹುಡುಕಿ ತಂದು, ಪರಾಂಡಾ ಕೋಟೆಯಲ್ಲಿ ಎರಡನೆಯ ಮುರ್ತಜಾ ನಿಜಾಮಶಾಹನೆಂದು ಪಟ್ಟಕಟ್ಟಿದನು. ತನ್ನ ಮಗಳನ್ನೇ ಅವನಿಗೆ ಮದುವೆ ಮಾಡಿಕೊಟ್ಟನು. ತಾನು ಪೇಶವೆಯಾಗಿ ರಾಜ್ಯಭಾರವನ್ನು ವಹಿಸಿಕೊಂಡನು. ಸಂತೆಯಲ್ಲಿ ಮಾರಾಟವಾಗಿದ್ದವನು ಈಗ ಸುಲ್ತಾನನ ಮಾವ.

ಮುಂದಿನ ಇಪ್ಪತ್ತಾರು ವರ್ಷಗಳ ಯುದ್ಧಗಳನ್ನು ಒಂದೊಂದಾಗಿ ವರ್ಣಿಸಲು ಇಲ್ಲಿ ಸ್ಥಳವಿಲ್ಲ. ಅವನು ಗೆದ್ದನು, ಸೋತನು, ಮತ್ತೆ ಗೆದ್ದನು. ನಾಂದೇಡದ ಬಳಿಯ ಕಾಳಗದಲ್ಲಿ ಗಾಯಗೊಂಡು ಬಿದ್ದಾಗ ಅವನ ಸೈನಿಕರು ಶತ್ರುಗಳ ನಡುವಿನಿಂದ ಅವನನ್ನು ಎತ್ತಿಕೊಂಡು ಹೋದರು. ೧೬೧೦ರಲ್ಲಿ ಅಹಮದನಗರದ ಕೋಟೆಯನ್ನು ಮೊಗಲರಿಂದ ಮರಳಿ ಪಡೆದನು. ಆ ಸುಮಾರಿಗೆ ಈ ಕಡೆ ಬಂದಿದ್ದ ಒಬ್ಬ ಇಂಗ್ಲಿಷ್ ವರ್ತಕನು ಅವನ ಸೈನ್ಯದಲ್ಲಿ ಹತ್ತು ಸಾವಿರ ಹಬಸಿಗಳೂ ನಲವತ್ತು ಸಾವಿರ ದಖನಿಗಳೂ ಇದ್ದರೆಂದು ಬರೆದಿದ್ದಾನೆ. ಈ ದಖನಿಗಳಲ್ಲಿ ಬಹುಮಂದಿ ಮರಾಠರು. ಭಾರವಾದ ತೋಪುಗಳನ್ನೂ ಆನೆಗಳನ್ನೂ ಡೇರೆಗಳನ್ನೂ ಎಳೆದುಕೊಂಡು ನಿಧಾನವಾಗಿ ಬರುವ ಮೊಗಲ ದಂಡನ್ನು ಬಯಲಿನಲ್ಲಿ ಎದುರಿಸುವುದು ಅಂಬರನ ಪದ್ಧತಿಯಲ್ಲ. ಹಗುರವಾದ ಕುದುರೆಗಳ ಮೇಲೆ ಮರಾಠ ಸವಾರರನ್ನು ಕಳುಹಿಸಿ ಧಾನ್ಯವನ್ನು ತಡೆಯುವನು. ರಾತ್ರಿ ಪಾಳೆಯದ ಮೇಲೆ ಬಿದ್ದು ಬೆಳಗಾಗುವುದರೊಳಗೆ ಘಟ್ಟಗಳಲ್ಲಿ ಮರೆಯಾಗುವನು. ಸಹ್ಯಾದ್ರಿಯ ಕಣಿವೆಗಳನ್ನು ಅಲ್ಲಿಯೇ ಹುಟ್ಟಿದವರಂತೆ ಅವನು ಬಲ್ಲವನಾಗಿದ್ದನು. ಶಿವಾಜಿ ಮಹಾರಾಜರ ತಂದೆ ಶಹಾಜಿಯು ಯುದ್ಧವಿದ್ಯೆಯಲ್ಲಿ ಪಳಗಿದುದು ಅಂಬರನ ಕೈಕೆಳಗೆ. ಇದೇ ಶಹಾಜಿಯು ಮುಂದೆ ವಿಜಾಪುರದ ಸೇವೆಗೆ ಸೇರಿ ಬೆಂಗಳೂರಿನಲ್ಲಿ ನೆಲೆಸಿದನು; ಅವನ ಸಮಾಧಿಯು ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿದೆ.

ಅಕಬರನ ಮಗ ಜಹಾಂಗೀರನಿಗೆ ಅಂಬರನ ಹೆಸರೇ ಕಹಿಯಾಯಿತು. ತನ್ನ ಆತ್ಮಚರಿತ್ರೆಯಲ್ಲಿ ಅವನನ್ನು ಹೆಸರಿಸುವಾಗ ಮೈಬಣ್ಣವನ್ನು ಹಳಿಯುವ ಬೈಗುಳು ಬಾದಶಹನ ಲೇಖನಿಯಿಂದ ಮತ್ತೆ ಮತ್ತೆ ಜಾರುತ್ತದೆ. ಸುಮಾರು ೧೬೧೬ರಲ್ಲಿ ಅವನ ಆಸ್ಥಾನದ ಚಿತ್ರಕಾರ ಅಬುಲ್ ಹಸನನು ಒಂದು ಚಿತ್ರವನ್ನು ಬರೆದನು. ಭೂಗೋಳದ ಮೇಲೆ ಜಹಾಂಗೀರನು ಬಿಲ್ಲು ಹಿಡಿದು ನಿಂತಿದ್ದಾನೆ. ಎದುರಿಗೆ ಈಟಿಯ ತುದಿಯಲ್ಲಿ ಅಂಬರನ ತಲೆ. ಅದರ ಮೇಲೆ ಗೂಬೆ. ಬಾದಶಹನು ಆ ತಲೆಗೆ ಬಾಣ ಬಿಡುತ್ತಿದ್ದಾನೆ. ಬಹಳ ಸುಂದರವಾದ ಚಿತ್ರ. ಅದು ಇಂದು ಐರ್ಲೆಂಡಿನ ಡಬ್ಲಿನ್ ನಗರದ ಒಂದು ಸಂಗ್ರಹಾಲಯದಲ್ಲಿದೆ. ಆದರೆ ಅದರಲ್ಲಿ ನಡೆದಂತೆ ವಾಸ್ತವದಲ್ಲಿ ಎಂದೂ ನಡೆಯಲಿಲ್ಲ. ಅಂಬರನ ತಲೆಯು ಕಡೆಯವರೆಗೂ ಅವನ ಹೆಗಲ ಮೇಲೆಯೇ ಇತ್ತು. ರಣರಂಗದಲ್ಲಿ ಆಗದ ಕೆಲಸವನ್ನು ಬಾದಶಹನು ಕಾಗದದ ಮೇಲೆ ಮಾಡಿಸಿಕೊಂಡನು, ಅಷ್ಟೆ.

೧೬೧೦ರಲ್ಲಿ ಅಂಬರನು ದೌಲತಾಬಾದಿನ ಸಮೀಪದ ಖಡಕಿ ಎಂಬ ಗ್ರಾಮದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿದನು. ಹೆಸರೇ ಹೇಳುವಂತೆ ಅದು ಕಲ್ಲುಬಂಡೆಗಳ ನೆಲ. ಅಲ್ಲಿಗೆ ನೀರು ತರುವುದೇ ಕಷ್ಟ. ಅಂಬರನು ಉತ್ತರದ ಗುಡ್ಡಗಳ ಅಡಿಯಲ್ಲಿ ಜಿನುಗುವ ಅಂತರ್ಜಲವನ್ನು ಶೋಧಿಸಿ, ನೆಲದೊಳಗೆ ಕಾಲುವೆಯನ್ನು ತೋಡಿಸಿ, ಸೂಕ್ತವಾದ ಇಳಿಜಾರನ್ನು ಕೊಟ್ಟು, ಯಾವ ಯಂತ್ರದ ಸಹಾಯವೂ ಇಲ್ಲದೆ ನೀರು ತಾನಾಗಿಯೇ ಊರೊಳಗಿನ ತೊಟ್ಟಿಗಳಿಗೆ ಬಂದು ಬೀಳುವಂತೆ ಮಾಡಿಸಿದನು. ದರಬಾರಿನ ಜನ ಈ ಯೋಜನೆಯನ್ನು ಕೇಳಿ ನಕ್ಕರೆಂದು ಹೇಳುತ್ತಾರೆ. ಅದಕ್ಕೆ ನಹರ್-ಎ-ಅಂಬರಿ ಎಂದು ಹೆಸರು. ಇದೇ ಜಾತಿಯ ಸುರಂಗಗಾಲುವೆಯೊಂದನ್ನು ಬೀದರಿನ ನೌಬಾದಿನಲ್ಲಿ ಈಗಲೂ ನೋಡಬಹುದು. ೧೬೧೬ರಲ್ಲಿ ರೋಷಣಗಾವಿನ ಯುದ್ಧದಲ್ಲಿ ಗೆದ್ದ ಮೊಗಲರು ಖಡಕಿಗೆ ನುಗ್ಗಿ ಊರನ್ನು ಹಾಳುಗೆಡವಿದರು. ಅಂಬರನು ಅದನ್ನು ಮತ್ತೆ ಕಟ್ಟಿದನು.

ರೈತರ ವಿಷಯದಲ್ಲಿ ಅವನು ಮಾಡಿದ ಏರ್ಪಾಡು ಯುದ್ಧಗಳಿಗಿಂತ ಹೆಚ್ಚು ಕಾಲ ಬಾಳಿತು. ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ವಿಂಗಡಿಸಿ, ಬೆಳೆಯನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದನು. ಕಂದಾಯವನ್ನು ಹರಾಜು ಹಿಡಿದವರು ರೈತನನ್ನು ಹಿಂಡುವ ಪದ್ಧತಿಯನ್ನು ತಪ್ಪಿಸಿ, ಗ್ರಾಮದ ಪಾಟೀಲರ ಮೂಲಕ ವಸೂಲಿಯನ್ನು ನಡೆಸಿದನು. ಇದನ್ನು ಮರಾಠಿ ಜನರು ಮಲಿಕಂಬರಿ ಧಾರೆ ಎಂದು ಬಹುಕಾಲ ನೆನೆಯುತ್ತಿದ್ದರು. ೧೬೧೭ರಲ್ಲಿ ಅವನ ಪಾಳೆಯಕ್ಕೆ ಹೋಗಿ ಅವನನ್ನು ಕಂಡ ಡಚ್ಚ ವರ್ತಕ ವಾನ್ ಡೆನ್ ಬ್ರೂಕನು, ಎತ್ತರದ ನಿಲುವು, ಗಟ್ಟಿಮುಟ್ಟಾದ ಮೈಕಟ್ಟು, ಕಠಿನವಾದ ಮುಖಭಾವ ಇವುಗಳನ್ನು ವರ್ಣಿಸಿ, ಅವನ ಆಡಳಿತದಲ್ಲಿ ಕಳ್ಳಕಾಕರಿಗೆ ಉಗ್ರಶಿಕ್ಷೆಯಾಗುತ್ತಿತ್ತೆಂದೂ ಪ್ರಜೆಗಳು ಅವನನ್ನು ಪ್ರೀತಿಸುತ್ತಿದ್ದರೆಂದೂ ಬರೆದಿದ್ದಾನೆ.

ಇಷ್ಟನ್ನು ಹೇಳಿ ಸುಮ್ಮನಾದರೆ ಅಂಬರನು ದೇವತೆಯಾಗಿಬಿಡುತ್ತಾನೆ. ಅವನು ದೇವತೆಯಲ್ಲ. ಅದೇ ಬ್ರೂಕನು ಬರೆದಿಟ್ಟ ಮತ್ತೊಂದು ಸಂಗತಿಯನ್ನೂ ನಾವು ಮರೆಮಾಚಬಾರದು. ಮುರ್ತಜಾ ನಿಜಾಮಶಾಹನಿಗೆ ಇರಾನಿ ಕುಲದ ಒಬ್ಬ ಹಿರಿಯ ರಾಣಿಯಿದ್ದಳು. ಆಕೆಯು ಅಂಬರನ ಮಗಳನ್ನು ಗುಲಾಮಳೆಂದು ಹೀಯಾಳಿಸಿ, ಅಂಬರನನ್ನೂ ಹೀನವಾಗಿ ನುಡಿದಳು. ಮಗಳು ಅಳುತ್ತ ಹೇಳಿಕಳುಹಿಸಿದಳು. ಅಂಬರನು ಸುಲ್ತಾನನಿಗೂ ಆ ರಾಣಿಗೂ ವಿಷವನ್ನು ಹಾಕಿಸಿ ಕೊಲ್ಲಿಸಿದನು. ಐದು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದನು. ಇದು ನಡೆದುದು ೧೬೧೦ರ ಸುಮಾರಿಗೆ. ಆಗ ಅವನು ದಖ್ಖನಿನ ಅತ್ಯಂತ ಬಲಿಷ್ಠ ಪುರುಷ. ಗುಲಾಮ ಎಂಬ ಒಂದು ಮಾತು ಅರಮನೆಯ ಒಳಗಿನವರೆಗೆ ಅವನನ್ನು ಬೆನ್ನಟ್ಟಿ ಬಂದಿತ್ತು. ಮಾತಿನ ನೋವು ನಿಜವಾದುದು. ಆದರೆ ಕೊಲೆಯು ಕೊಲೆಯೇ. ಇನ್ನೂ ಒಂದು ಮಾತು: ತನ್ನ ಅಂಗರಕ್ಷಕ ದಳಕ್ಕಾಗಿ ಹಬಸಿ ಗುಲಾಮರನ್ನು ಅಂಬರನು ತಾನೂ ಕೊಂಡನು. ಇಪ್ಪತ್ತು ನಾಣ್ಯಗಳಿಗೆ ಮಾರಾಟವಾದವನು ಅದೇ ವರ್ತಕರಿಗೆ ನಾಣ್ಯಗಳನ್ನು ಎಣಿಸಿಕೊಟ್ಟನು. ಈ ಭಾಗವನ್ನು ಬರೆಯುವಾಗ ನಮ್ಮ ಲೇಖನಿಯು ತಡೆದುದು ನಿಜ.

ಅವನ ಬಾಳಿನ ಅತ್ಯಂತ ದೊಡ್ಡ ವಿಜಯವು ಅವನಿಗೆ ಎಪ್ಪತ್ತಾರರ ಸುಮಾರಾಗಿದ್ದಾಗ, ೧೬೨೪ರಲ್ಲಿ, ಅಹಮದನಗರದ (ಇಂದಿನ ಅಹಿಲ್ಯಾನಗರದ) ಬಳಿಯ ಭಾತವಡಿಯಲ್ಲಿ ದೊರೆಯಿತು. ಒಂದು ಕಡೆ ಮೊಗಲರು, ಇನ್ನೊಂದು ಕಡೆ ಅವರೊಡನೆ ಸಂಧಿ ಮಾಡಿಕೊಂಡ ವಿಜಾಪುರದವರು. ಎರಡು ದಂಡುಗಳೂ ಒಟ್ಟಾಗಿ ಬಂದುವು. ಅಂಬರನು ಭಾತವಡಿಯ ಕೆರೆಯ ಏರಿಯನ್ನು ಒಡೆಯಿಸಿದನು. ನೀರು ನುಗ್ಗಿ ಶತ್ರುಗಳ ದಾರಿಯೂ ಪಾಳೆಯವೂ ಕೆಸರಾದುವು, ತೋಪುಗಳು ಹೂತುಹೋದುವು. ಖಡಕಿಗೆ ನೀರನ್ನು ತಂದ ಬುದ್ಧಿಯೇ ಇಲ್ಲಿ ಶತ್ರುವಿನ ಮೇಲೆ ನೀರನ್ನು ಹರಿಸಿತು. ವಿಜಾಪುರದ ಸೇನಾಪತಿ ಮುಲ್ಲಾ ಮಹಮ್ಮದ ಲಾರಿಯು ಮಡಿದನು. ಶಹಾಜಿಯ ತಮ್ಮ ಶರೀಫಜಿಯು ಅಂಬರನ ಪಕ್ಷದಲ್ಲಿ ಕಾದಾಡಿ ಪ್ರಾಣವನ್ನರ್ಪಿಸಿದನು. ಗೆದ್ದ ಅಂಬರನು ಅಲ್ಲಿಗೆ ನಿಲ್ಲದೆ ದಕ್ಷಿಣಕ್ಕೆ ನಡೆದು ವಿಜಾಪುರವನ್ನು ಮುತ್ತಿದನು. ಸಂಗೀತಪ್ರಿಯನಾದ ಇಬ್ರಾಹಿಮ ಆದಿಲಶಾಹನು ವಿಜಾಪುರದ ಮಗ್ಗುಲಲ್ಲಿ ನವರಸಪುರವೆಂಬ ಚೆಲುವಾದ ಊರನ್ನು ಕಟ್ಟಿಸುತ್ತಿದ್ದನು. ಅಂಬರನ ಸೈನ್ಯವು ಅದನ್ನು ಸೂರೆಮಾಡಿ ಹಾಳುಮಾಡಿತು. ವಿಜಾಪುರದ ಪಶ್ಚಿಮಕ್ಕೆ ಅದರ ಅವಶೇಷಗಳು ಈಗಲೂ ಇವೆ. ಖಡಕಿಯ ನಾಶವನ್ನು ಕಣ್ಣಾರೆ ಕಂಡವನು ಇನ್ನೊಬ್ಬನ ಊರಿಗೆ ಅದೇ ಗತಿಯನ್ನು ತಂದನಲ್ಲಾ ಎಂದು ವಿಜಾಪುರದ ಕಡೆಯ ನಮ್ಮಂಥವರಿಗೆ ಸ್ವಲ್ಪ ಕೋಪವೂ ಬರುತ್ತದೆ.

೧೬೨೬ರ ಮೇ ತಿಂಗಳಿನಲ್ಲಿ, ಸುಮಾರು ಎಪ್ಪತ್ತೆಂಟು ವರ್ಷದವನಾಗಿ, ಮಲಿಕ ಅಂಬರನು ತೀರಿಕೊಂಡನು. ಜಹಾಂಗೀರನ ಆಸ್ಥಾನದ ಇತಿಹಾಸಕಾರ ಮುತಮದಖಾನನು ಈ ಸುದ್ದಿಯನ್ನು ಬರೆಯುವಾಗ ಬಾದಶಹನ ಬೈಗುಳುಗಳನ್ನು ಕೈಬಿಟ್ಟನು. ಯುದ್ಧದಲ್ಲಿಯೂ ಆಡಳಿತದಲ್ಲಿಯೂ ಅವನಿಗೆ ಸಮಾನರಿರಲಿಲ್ಲವೆಂದೂ, ಹಬಸಿ ಗುಲಾಮನೊಬ್ಬನು ಇಷ್ಟು ಎತ್ತರಕ್ಕೇರಿದುದು ಇತಿಹಾಸದಲ್ಲಿ ಇನ್ನೊಂದಿಲ್ಲವೆಂದೂ ಶತ್ರುವಿನ ಲೇಖಕನೇ ಒಪ್ಪಿಕೊಂಡನು. ಅಂಬರನ ಮಗ ಫತೇಖಾನನಲ್ಲಿ ತಂದೆಯ ಗುಣಗಳಿರಲಿಲ್ಲ. ೧೬೩೩ರಲ್ಲಿ ಅವನು ದೌಲತಾಬಾದನ್ನು ಮೊಗಲರಿಗೆ ಒಪ್ಪಿಸಿದನು. ೧೬೩೬ರಲ್ಲಿ ನಿಜಾಮಶಾಹಿ ರಾಜ್ಯವೇ ಅಳಿಯಿತು. ಖಡಕಿಯು ಫತೇಖಾನನ ಕಾಲದಲ್ಲಿ ಫತೇನಗರವಾಯಿತು, ೧೬೫೩ರಲ್ಲಿ ಔರಂಗಾಬಾದಾಯಿತು, ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಚಾಪು, ಅಂಬರ, ಮಲಿಕ ಅಂಬರ ಎಂದು ಹೆಸರುಗಳನ್ನು ಬದಲಾಯಿಸುತ್ತ ಬಂದವನು ಕಟ್ಟಿದ ಊರಿಗೂ ಹಾಗೆಯೇ ಆಯಿತು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಯಲ್ಲಾಪುರದ ಸಿದ್ದಿಗಳು ಮಲಿಕ ಅಂಬರನ ಸಂತತಿಯವರಲ್ಲ. ಹಬಸಿ ಸರದಾರರು ಬಂದ ದಾರಿ ಬೇರೆ, ಅವರ ಪೂರ್ವಜರು ಬಂದ ದಾರಿ ಬೇರೆ. ಗೋವೆಯನ್ನು ೧೫೧೦ರಲ್ಲಿ ಗೆದ್ದ ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಶತಮಾನಗಟ್ಟಲೆ ಗುಲಾಮರನ್ನು ಹಡಗುಗಳಲ್ಲಿ ತಂದರು. ಅವರಲ್ಲಿ ಅನೇಕರು ಧಣಿಗಳಿಂದ ತಪ್ಪಿಸಿಕೊಂಡು ಘಟ್ಟವನ್ನು ಹತ್ತಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡುಗಳಲ್ಲಿ ಅಡಗಿದರು, ಅಲ್ಲಿಯೇ ನೆಲೆಸಿದರು. ಅಂಬರನಿಗೆ ಸಹ್ಯಾದ್ರಿಯು ಯುದ್ಧದ ಆಸರೆಯಾದಂತೆ ಅವರಿಗೆ ಬಾಳಿನ ಆಸರೆಯಾಯಿತು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳ ರಕ್ತವನ್ನು ಪರೀಕ್ಷಿಸಿ ೨೦೧೧ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಿದ್ದಿಗಳ ಮೂಲವು ಪೂರ್ವ ಆಫ್ರಿಕದ ಬಾಂಟು ಭಾಷೆಗಳ ಜನರಲ್ಲಿದೆಯೆಂದೂ ಅವರ ರಕ್ತದಲ್ಲಿ ಭಾರತೀಯರ ಮತ್ತು ಯೂರೋಪಿಯನರ ಅಂಶವೂ ಬೆರೆತಿದೆಯೆಂದೂ ಅದರಿಂದ ತಿಳಿಯಿತು.

ಆ ಹುಡುಗನ ಪ್ರಶ್ನೆಯನ್ನು ನಾವು ತಪ್ಪೆಂದು ತಳ್ಳಿಹಾಕಲಾರೆವು. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದದ್ದು ನಾವೇ, ಅಂದರೆ ಈ ನಾಡಿನ ಜನ. ಬೇರೆ ಬೇರೆ ದೇಶಗಳಿಂದ, ಬೇರೆ ಬೇರೆ ಭಾಷೆಗಳನ್ನಾಡುತ್ತ, ಬೇರೆ ಬೇರೆ ಶತಮಾನಗಳಲ್ಲಿ ಬಂದವರು ಇಲ್ಲಿಗೆ ಬಂದ ಮೇಲೆ ಸಿದ್ದಿಗಳಾದರು. ನಮ್ಮ ಜಿಲ್ಲೆಗಳ ಸಿದ್ದಿಗಳಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಅವರು ಕೊಂಕಣಿಯನ್ನಾಡುತ್ತಾರೆ, ಕನ್ನಡವನ್ನಾಡುತ್ತಾರೆ; ದಮಾಮಿ ಎಂಬ ವಾದ್ಯವನ್ನು ಬಾರಿಸಿ ಕುಣಿಯುತ್ತಾರೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು, ಬೀದಿಯಲ್ಲಿ ಮತ್ತೊಂದು. ಮುಂಬಯಿಯ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಊರು ಯಾವುದೆಂದು ಇಲ್ಲಿ ಯಾರಾದರೂ ಕೇಳಿದರೆ ನೀವೂ ಒಂದು ಕ್ಷಣ ತಡೆಯುವಿರಿ. ಸಿದ್ದಿ ಹುಡುಗನನ್ನು ನೀನು ಯಾವ ದೇಶದವನೆಂದು ಅವನ ಹುಟ್ಟೂರಿನ ಹತ್ತಿರದ ಪೇಟೆಯಲ್ಲಿಯೇ ಕೇಳುವವರಿದ್ದಾರೆ.

೨೦೦೩ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ಬಂಧುಗಳು ಅದಕ್ಕಾಗಿ ೨೦೨೦ರವರೆಗೆ ಕಾಯಬೇಕಾಯಿತು. ಅದೇ ೨೦೨೦ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಶಾಸಕರಾಗಿ ಆ ಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಅವರು.

ಮಲಿಕ ಅಂಬರನ ಸಮಾಧಿಯ ಹತ್ತಿರದಲ್ಲಿಯೇ ಅವನ ಹೆಂಡತಿ ಕರೀಮಾಳ ಸಮಾಧಿಯೂ ಇದೆ. ದಖ್ಖನನ್ನು ಗೆಲ್ಲಲೆಂದು ಇಪ್ಪತ್ತೈದು ವರ್ಷ ಇಲ್ಲಿಯೇ ಅಲೆದು ೧೭೦೭ರಲ್ಲಿ ಸತ್ತ ಔರಂಗಜೇಬನು ಅದೇ ಊರಿನಲ್ಲಿ ಬಯಲಿಗೆ ತೆರೆದ ಗೋರಿಯಲ್ಲಿದ್ದಾನೆ. ಮುಂದಿನ ಪ್ರವಾಸದಲ್ಲಿ ಅಲ್ಲಿ ಎರಡು ನಿಮಿಷಕ್ಕೆ ಬದಲಾಗಿ ಅರ್ಧ ಗಂಟೆ ನಿಲ್ಲಬೇಕೆಂದು ನಾವು ನಿಶ್ಚಯಿಸಿದ್ದೇವೆ. ಪ್ರಶ್ನೆ ಕೇಳಿದ ಹುಡುಗನಿಗೆ ಈ ಲೇಖನದ ಮೊದಲ ಪ್ರತಿಯನ್ನು ಕೊಟ್ಟೆವು. ಅವನು ಅದನ್ನು ಅಜ್ಜಿಯ ಊರಿಗೆ ಒಯ್ಯುತ್ತಾನಂತೆ.